ತಿಥಿ ಮೊದಲೇ ಗೊತ್ತಿತ್ತು

ಮನುಷ್ಯರ ಜಾತಕದಲ್ಲಿ ಸಾಯುವ ದಿನ ಬರೆಯುವುದಿಲ್ಲ. ಫೋನಿನ ವಿಡಿಯೊವನ್ನು ಟಿವಿಗೆ ತರುವ ಗೂಗಲ್ ಡಬ್ಬಿ ಕ್ರೋಮ್‌ಕಾಸ್ಟ್ ಪುಣ್ಯವಂತ, ಅವನದ್ದು 2015ರಲ್ಲೇ ಬರೆದಾಗಿತ್ತು: 2025ರ ಮಾರ್ಚ್ 9, ಗಂಟೆ ನಿಮಿಷ ಸೆಕೆಂಡುಗಳ ಸಮೇತ. ಬರೆದ ಗೂಗಲ್‌ಗೆ ಮಾತ್ರ ಎಚ್ಚರವಾದದ್ದು ಹೆಣ ಬಿದ್ದ ಮೇಲೆ. ಊರಿಗೆಲ್ಲ ಕ್ಯಾಲೆಂಡರ್ ಆ್ಯಪ್ ಹಂಚಿದ ಕಂಪನಿ ಸ್ವಾಮಿ!

ಟಿವಿಯ ಬೆನ್ನಿಗೆ ನೇತುಬಿದ್ದ ಆ ಎರಡನೇ ತಲೆಮಾರಿನ ಡಬ್ಬಿ ಗಟ್ಟಿಮುಟ್ಟಾಗಿಯೇ ಇತ್ತು. ‘ನಾನು ಅಸಲಿ’ ಎಂದು ತೋರಿಸಲು ಅದರೊಳಗೊಂದು ಡಿಜಿಟಲ್ ಗುರುತುಪತ್ರ, ಅಂದರೆ ಸರ್ಟಿಫಿಕೇಟ್ ಇರುತ್ತದೆ; ವಾಯಿದೆ ಮುಗಿದದ್ದು ಅದಕ್ಕೆ ಮೇಲಿನಿಂದ ಸಹಿ ಹಾಕಿದ ಇಂಟರ್‌ಮೀಡಿಯೆಟ್ (ನಡುವಿನ) ಸರ್ಟಿಫಿಕೇಟಿನದ್ದು. ತಹಶೀಲ್ದಾರರು ನಿವೃತ್ತರಾದರೆಂದು ಅವರು ಕೊಟ್ಟ ಜಾತಿ ಪ್ರಮಾಣಪತ್ರಗಳೆಲ್ಲ ರದ್ದಾದ ಹಾಗೆ. ನಾಡಕಚೇರಿಗೆ ಈ ಐಡಿಯಾ ಇನ್ನೂ ಹೊಳೆದಿಲ್ಲ, ಯಾರೂ ಹೇಳಿಕೊಡಬೇಡಿ.

ಪಿಂಚಣಿದಾರರೇ ವಾಸಿ. ನವೆಂಬರ್ ಬಂತೆಂದರೆ ಬ್ಯಾಂಕಿಗೆ ಹೋಗಿ ‘ಬದುಕಿದ್ದೇನೆ’ ಎಂದು ಹೆಬ್ಬೆಟ್ಟು ಒತ್ತಿ ಬರುತ್ತಾರೆ. ಬೆರಳು ಸವೆದಿದ್ದರೆ ಯಂತ್ರ ಒಪ್ಪುವುದಿಲ್ಲ, ಎದುರಿಗೆ ನಿಂತು ಕೆಮ್ಮಿದರೂ ಒಪ್ಪುವುದಿಲ್ಲ. ಯಂತ್ರಗಳ ಲೋಕದಲ್ಲೂ ಇದೇ ಕಥೆ. ಆಯುಷ್ಯದ ಮೂರನೇ ಎರಡು ಭಾಗ ಕಳೆದಾಗಲೇ ಹಳೆಯ ಸರ್ಟಿಫಿಕೇಟ್ ತೋರಿಸಿ ಹೊಸದು ಪಡೆಯಬೇಕು. ಆ ಹೊತ್ತಿಗೆ ಸಾಧನ ಗೋದಾಮಿನಲ್ಲಿ ಮಲಗಿತ್ತೆ? ವಾಯಿದೆ ಮುಗಿದು ಎದ್ದಾಗ, ಹೊಸದು ಕೊಡುವ ಸರ್ವರೇ ಒಳಗೆ ಬಿಡುವುದಿಲ್ಲ. ಗಡಿಯಾರದ ಬ್ಯಾಟರಿ ಇಲ್ಲದ ಅಗ್ಗದ ಸಾಧನವಾದರೆ ಇನ್ನೂ ಮಜಾ: ಕರೆಂಟ್ ಬಂದಾಗ ಅದರ ಲೆಕ್ಕದಲ್ಲಿ ಅದು 1970ರ ಜನವರಿ 1. ನಿನ್ನೆ ಕೊಟ್ಟ ಸರ್ಟಿಫಿಕೇಟ್ ನೋಡಿ ‘ಇದಿನ್ನೂ ಹುಟ್ಟೇ ಇಲ್ಲವಲ್ಲ’ ಎನ್ನುತ್ತದೆ. ನೆಟ್‌ವರ್ಕಿನಿಂದ ಸರಿಯಾದ ಹೊತ್ತು ಸಿಗುವವರೆಗೂ ಅದೇ ಹಟ.

ಕ್ರೋಮ್‌ಕಾಸ್ಟ್ ಮಾಲೀಕರು ಎಲ್ಲರೂ ಮಾಡುವುದನ್ನೇ ಮಾಡಿದರು, ಫ್ಯಾಕ್ಟರಿ ರೀಸೆಟ್ ಒತ್ತಿದರು. ‘ಒತ್ತಬೇಡಿ’ ಎಂದು ಗೂಗಲ್ ಹೇಳುವಷ್ಟರಲ್ಲಿ ಒತ್ತಿಯಾಗಿತ್ತು. ಅವರು ಮತ್ತೆ ಸೆಟಪ್ ಮಾಡಲೂ ಆಗದೆ ಕೂತರು. ಕೆಲವರು ಫೋನಿನ ತಾರೀಖನ್ನೇ ಹಿಂದಕ್ಕೆ ತಿರುಗಿಸಿ ಗೆದ್ದರು. ಯಮನಿಗೆ ಹಳೇ ಪಂಚಾಂಗ ತೋರಿಸಿ ವಾಪಸು ಕಳಿಸಿದ ಹಾಗೆ.

ಇದೇನು ಮೊದಲ ಸಲವೆ? 2018ರ ಡಿಸೆಂಬರ್ 6ರಂದು ಎರಿಕ್ಸನ್ ತಂತ್ರಾಂಶದ ಒಂದು ಸರ್ಟಿಫಿಕೇಟ್ ಸತ್ತು ಬ್ರಿಟನ್ನಿನ ಓಟೂ, ಜಪಾನಿನ ಸಾಫ್ಟ್‌ಬ್ಯಾಂಕ್ ಎರಡೂ ಮೊಬೈಲ್ ಜಾಲಗಳು ಮಂಡಿಯೂರಿದ್ದವು. ಸರ್ಟಿಫಿಕೇಟ್ ಓದುವ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್‌ಗೆ ಒಂದೇ ಸಾಲಿನಲ್ಲಿ ‘ಎಂಡ್‌ಡೇಟ್’ ಕೇಳಿದರೆ ಕೊನೆಯ ದಿನ ಬಾಯಿಬಿಡುತ್ತದೆ. ಕೆಳಗಿನದ್ದನ್ನಷ್ಟೇ ಅಲ್ಲ, ಒಂದಕ್ಕೊಂದು ಸಹಿ ಹಾಕಿದ ಸರ್ಟಿಫಿಕೇಟುಗಳ ಸರಪಳಿಯ ಒಂದೊಂದನ್ನೂ ಕೇಳಬೇಕು. ಅಷ್ಟೇ ಕೆಲಸ.

ಅಷ್ಟನ್ನೂ ಮಾಡುವುದಿಲ್ಲ. ಜನ ದುಡ್ಡು ಕೊಟ್ಟು ಕೊಂಡ ವಸ್ತು, ಒಡೆದಿಲ್ಲ, ಸುಟ್ಟಿಲ್ಲ, ಆದರೂ ಕಸ. ಬಿಸ್ಕತ್ತಿನ ಪೊಟ್ಟಣದ ಮೇಲೆ ಕೊನೆಯ ದಿನಾಂಕ ಅಚ್ಚು ಹಾಕಲೇಬೇಕು. ಇಂಟರ್‌ನೆಟ್ಟಿಗೆ ಜೋಡಿಸುವ ಬಾಗಿಲ ಬೀಗ, ಕ್ಯಾಮೆರಾ, ಬಲ್ಬು ಮಾರುವವರು ಡಬ್ಬದ ಮೇಲೆ ಯಾಕೆ ಹಾಕುವುದಿಲ್ಲ?