ಹೂಂ ಅನ್ನುವುದಕ್ಕೂ ಒಂದು ಲೆಕ್ಕವಿದೆ

ಫೋನಿನ ಆ ತುದಿಯಲ್ಲಿ ಅಕ್ಕ: "ದೊಡ್ಡಪ್ಪ ಹೋಗ್ಬಿಟ್ರು ಕಣೋ."

ಈ ತುದಿಯಲ್ಲಿ ತಮ್ಮ, ಕಣ್ಣು ಟೀವಿಯ ಸ್ಕೋರಿನ ಮೇಲೆ: "ಒಳ್ಳೇದಾಯ್ತು ಬಿಡಕ್ಕ. ಬಸ್ಸಲ್ಲೋ, ಟ್ರೈನಲ್ಲೋ?"

ಈ ತಮ್ಮನನ್ನು ಕಿವಿ ಡಾಕ್ಟರ ಹತ್ತಿರ ಕರೆದೊಯ್ದು ಪ್ರಯೋಜನವಿಲ್ಲ. ಅಕ್ಕ ಆಡಿದ ಪದಗಳೆಲ್ಲ ಅವನ ಕಿವಿಗೆ ಸರಿಯಾಗಿಯೇ ಬಿದ್ದಿವೆ, ಬೀಳದೆ ಹೋದದ್ದು ಅವಳ ದನಿ. ಮನಸ್ಸು ಬೇರೆಡೆ ಇದ್ದಾಗ ಪದಗಳನ್ನಷ್ಟೇ ಹೆಕ್ಕಿ, ಬಾಯಿಗೆ ಸಿಕ್ಕಿದ ರೂಢಿಯ ಉತ್ತರವೊಂದನ್ನು ಎಸೆಯುತ್ತೇವೆ. ಹೆಚ್ಚಿನ ಸಲ ಅದು ನಡೆದೂ ಹೋಗುತ್ತದೆ. ಸಿಕ್ಕಿಬೀಳುವ ತನಕ ಎಲ್ಲರೂ ಒಳ್ಳೆಯ ಕೇಳುಗರೇ.

ಕೇಳುವವರ ಕೈಲಿರುವ ಮುಖ್ಯ ಸಲಕರಣೆ "ಹೂಂ". ಕಥೆ ಹೇಳುವ ಅಜ್ಜಿಯರಿಗೆ ಹೂಂಗುಟ್ಟುವವರು ಬೇಕೇಬೇಕು. ಹೂಂ ನಿಂತಿತೆಂದರೆ ಮೊಮ್ಮಗು ಮಲಗಿತೆಂದು ಲೆಕ್ಕ. ಜನಪದ ಕಥೆ ಹಾಡುವ ಮೇಳಗಳಲ್ಲಂತೂ ದನಿಗೂಡಿಸಲಿಕ್ಕೆಂದೇ ಹಿಮ್ಮೇಳದವರಿರುತ್ತಾರೆ. ಗಿಡ್ಡದಾಗಿ ಇಳಿದನಿಯಲ್ಲಿ "ಹೂಂ" ಅಂದರೆ ಮುಂದೆ ಹೇಳಿ ಎಂದು. ಏರುದನಿಯಲ್ಲಿ "ಹೂಂ?" ಅಂದರೆ ಕೇಳಿಸಲಿಲ್ಲ. ಎಳೆದೆಳೆದು "ಹೂಂಂಂ" ಅಂದರೆ ಸಾಕು ಮುಗಿಸಿ. ಒಂದರ ಬೆನ್ನಿಗೊಂದು "ಹೂಂಹೂಂಹೂಂ" ಬಂತೆಂದರೆ ಒಲೆಯ ಮೇಲೆ ಹಾಲಿದೆ.

ಎಡವಟ್ಟಾಗುವುದು ಎಲ್ಲದಕ್ಕೂ ಒಂದೇ ಹೂಂ ಹಾಕಿದಾಗ. "ಗ್ಯಾಸ್ ಆಫ್ ಮಾಡ್ದೆ, ಬಾಗ್ಲು ಎಳ್ಕೊಂಡೆ, ಆಟೋ ಹತ್ತಿದೆ" ಎಂಬಲ್ಲಿಯ ತನಕ ಗಿಡ್ಡ ಹೂಂ ಧಾರಾಳವಾಗಿ ಸಾಕು. "ಅರ್ಧ ದಾರೀಲಿ ಬ್ಯಾಗ್ ತೆಗ್ದು ನೋಡ್ತೀನಿ, ಬೀಗನೇ ಕೈಯಲ್ಲಿದೆ!" ಎಂಬಲ್ಲಿಗೂ ಅದೇ ಹೂಂ ಬಂದರೆ ಕಥೆ ಅಲ್ಲೇ ಸತ್ತಿತು. ಅಲ್ಲಿ ಬೇಕಾದದ್ದು "ಅಯ್ಯೋ, ಬೀಗನೇ ಹಾಕಿರ್ಲಿಲ್ವಾ?" ಅವರದೇ ಮಾತಿನ ತುಂಡನ್ನು ತಿರುಗಿಸಿ ಕೊಟ್ಟರೆ ಸಾಕು. "ಅಂದರೆ ನಿಮಗೆ ಆತಂಕವಾಗಿದೆ ಎನ್ನಿ" ಎಂದೆಲ್ಲ ಆಪ್ತಸಮಾಲೋಚಕರ ಧಾಟಿಯಲ್ಲಿ ಹೊರಟರೆ ಎದುರಿನವರಿಗೆ ನಿಮ್ಮ ಬಗ್ಗೆಯೇ ಆತಂಕವಾಗುತ್ತದೆ.

ಇದನ್ನು ಪ್ರಯೋಗ ಮಾಡಿ ನೋಡಿದವರಿದ್ದಾರೆ. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಜಾನೆಟ್ ಬವೆಲಾಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನ. ಒಬ್ಬರು ತಾವು ಕೂದಲೆಳೆಯಲ್ಲಿ ಪಾರಾದ ಘಟನೆ ಹೇಳಬೇಕು, ಇನ್ನೊಬ್ಬರು ಕೇಳಬೇಕು. ಆದರೆ ಕೆಲವು ಕೇಳುಗರಿಗೆ ಗುಟ್ಟಾಗಿ ಒಂದು ಕೆಲಸ ಕೊಟ್ಟಿದ್ದರು: ಇಂಗ್ಲಿಷಿನ 'ಟಿ' ಅಕ್ಷರದಿಂದ ಶುರುವಾಗುವ ಪದ ಬಂದಾಗಲೆಲ್ಲ ಗುಂಡಿ ಒತ್ತುವುದು. ಅವರು ಕಿವಿಗೊಟ್ಟದ್ದೇನೋ ನಿಜ, ಕಥೆಗಲ್ಲ. ಪರಿಣಾಮ? ಹೇಳುವವರ ಕಥೆಯೇ ಕೆಟ್ಟಿತು. ಅದೂ ರೋಚಕವಾಗಬೇಕಾದ ಕೊನೆಯ ಘಟ್ಟದಲ್ಲೇ ತಡವರಿಸಿದರು. ಆದ್ದರಿಂದ ನಿಮ್ಮ ಷಡ್ಡಕ ಹೇಳಿದ್ದನ್ನೇ ಹೇಳುತ್ತಾ ಬೋರು ಹೊಡೆಸುತ್ತಾರೆ ಎಂದು ದೂರುವ ಮೊದಲು, ಆ ಹೊತ್ತಿನಲ್ಲಿ ನಿಮ್ಮ ಹೆಬ್ಬೆರಳು ಮೊಬೈಲಿನ ಮೇಲೆ ಏನು ಮಾಡುತ್ತಿತ್ತು ಎಂದು ಒಮ್ಮೆ ನೋಡಿಕೊಳ್ಳಬೇಕು.

ಇನ್ನು ಮಾತು ಕಿತ್ತುಕೊಳ್ಳುವವರು. ಇವರನ್ನು ಪೂರ್ತಿ ಬೈಯುವಂತಿಲ್ಲ. ಹತ್ತು ಭಾಷೆಗಳನ್ನು ಹೋಲಿಸಿದ 2009ರ ಅಧ್ಯಯನವೊಂದರಲ್ಲಿ (ಕನ್ನಡ ಆ ಪಟ್ಟಿಯಲ್ಲಿರಲಿಲ್ಲ) ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಬಿಡುವು ಸರಾಸರಿ ಸುಮಾರು 200 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಐದನೇ ಒಂದು ಪಾಲು. ಒಂದು ಚಿತ್ರ ನೋಡಿ ಅದರ ಹೆಸರು ಹೇಳಲಿಕ್ಕೇ ಬಾಯಿಗೆ ಸುಮಾರು 600 ಮಿಲಿಸೆಕೆಂಡು ಬೇಕು. ಹಾಗಾಗಿ ಎದುರಿನವರು ಮುಗಿಸುವ ಮುಂಚೆಯೇ ನಾವೆಲ್ಲ ಉತ್ತರ ಹೊಸೆಯತೊಡಗಿರುತ್ತೇವೆ. ಹೊಸೆಯಲಿ, ಆದರೆ ಹೊರಗೆ ಬಿಡಬಾರದು. ಕನ್ನಡದಲ್ಲಂತೂ ಕೂಡದು, ಏಕೆಂದರೆ ನಮ್ಮಲ್ಲಿ ಹೌದು-ಇಲ್ಲಗಳ ತೀರ್ಮಾನವೆಲ್ಲ ವಾಕ್ಯದ ಬಾಲದಲ್ಲಿ. "ಹುಡುಗ ಇಂಜಿನಿಯರ್ರು, ಸ್ವಂತ ಮನೆ, ಜಾತಕಾನೂ ಕೂಡಿಬಂತು, ಹುಡುಗಿಗೆ ಮಾತ್ರ ಒಪ್ಪಿಗೆ..." ಎಂಬಲ್ಲಿ "ಕಂಗ್ರಾಟ್ಸ್ ರೀ, ಊಟ ಯಾವಾಗ?" ಎಂದು ಹಾರಿದವರು "...ಆಗ್ಲಿಲ್ಲ" ಬಂದ ಮೇಲೆ ತಮ್ಮ ಲೋಟದ ಕಾಫಿಯನ್ನು ಬಹಳ ಹೊತ್ತು ಪರೀಕ್ಷಿಸಬೇಕಾಗುತ್ತದೆ. ಕ್ರಿಯಾಪದ ಬರಲಿ. ಬಂದ ಮೇಲೂ ಒಂದು ಉಸಿರಿನಷ್ಟು ತಡೆಯಿರಿ. ಕೆಲವರು ಬಾಲಕ್ಕೊಂದು "ಅಂತ ಅಂದ್ಕೊಂಡಿದ್ವಿ" ಇಟ್ಟುಕೊಂಡಿರುತ್ತಾರೆ.

ಮಾತು ಶುರುಮಾಡಲು ಬಾರದವರ ಕಷ್ಟ ಬೇರೆ. "ಊಟ ಆಯ್ತಾ?" "ಆಯ್ತು." ಮುಗಿಯಿತು, ಇನ್ನು ಇಬ್ಬರೂ ಫ್ಯಾನು ನೋಡಬೇಕು. ತಪ್ಪು ಮೊದಲ ಪ್ರಶ್ನೆಯದಲ್ಲ, ಅದು ನಮಸ್ಕಾರದ ಲೆಕ್ಕ. ಎರಡನೆಯದು ಇರಲಿಲ್ಲ, ಅಷ್ಟೇ. "ಏನ್ ಸಾರು?" "ಬಸ್ಸಾರು." "ಯಾವ ಸೊಪ್ಪು?" ಈಗ ನೋಡಿ, ಹಳೇ ಮೈಸೂರಿನವರಾದರೆ ದಂಟಿನ ಸೊಪ್ಪಿನಿಂದ ಹೊರಟು, ಬಸಿದ ಕಟ್ಟನ್ನು ಎಷ್ಟು ಹೊತ್ತು ಕುದಿಸಬೇಕು, ಕಾಳು ಹಾಕಬೇಕೋ ಬೇಡವೋ, ಅತ್ತೆ ಮನೆಯಲ್ಲಿ ಹುಣಿಸೆ ಜಾಸ್ತಿ ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಹೊಸ ವಿಷಯ ಹುಡುಕಿಕೊಂಡು ಹೋಗುವ ಅಗತ್ಯವೇ ಇಲ್ಲ. ಕೊನೆಗೆ ಬಂದ ಉತ್ತರದಲ್ಲೇ ಮುಂದಿನ ಪ್ರಶ್ನೆ ಇರುತ್ತದೆ.

"ಮಂಡಿ ನೋವು ಕಣ್ರೀ" ಎಂದವರಿಗೆ ಸಾಮಾನ್ಯವಾಗಿ ಸಿಗುವುದು ಎರಡರಲ್ಲೊಂದು: "ನಮ್ಮ ಭಾವನಿಗೂ ಹಂಗೇ ಆಗಿತ್ತು, ಆಪರೇಷನ್ನೇ ಆಯ್ತು" ಎಂಬ ಪುರಾಣ, ಇಲ್ಲವೇ ನೆನೆಸಿದ ಮೆಂತ್ಯ. ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಡರ್ಬರ್ 1979ರಷ್ಟು ಹಿಂದೆಯೇ ಮೊದಲನೆಯ ಜಾತಿಯ ಉತ್ತರವನ್ನು ಗುರುತಿಸಿದ್ದರು: ಮಾತಿನ ದಿಕ್ಕನ್ನು ಮೆಲ್ಲಗೆ ತಮ್ಮ ಕಡೆಗೆ ತಿರುಗಿಸಿಕೊಳ್ಳುವುದು. ಇದಕ್ಕೊಂದು ಸುಲಭದ ಕಟ್ಟುಪಾಡು ಹಾಕಿಕೊಳ್ಳಬಹುದು. ಅವರ ಮಂಡಿಯ ಮೇಲೆ ಎರಡು ಪ್ರಶ್ನೆ ಆಗುವ ತನಕ ಭಾವನ ಮಂಡಿ ಹೊರಗೆ ಬರಬಾರದು. "ಮೆಟ್ಟಿಲು ಹತ್ತುವಾಗ್ಲೋ, ಇಳಿಯುವಾಗ್ಲೋ?" ಒಳ್ಳೆಯ ಮೊದಲ ಪ್ರಶ್ನೆ. ಮೆಂತ್ಯವನ್ನು ಅವರಾಗಿಯೇ ಕೇಳಿದರೆ ಕೊಡಿ.

ಮನೆಯ ಹಿರಿಯರ ಜೊತೆ ಎಡವಟ್ಟಾಗುವುದಕ್ಕೆ ಶುದ್ಧ ಭೌತಿಕ ಕಾರಣವಿದೆ. ವಯಸ್ಸಾದಂತೆ ಮೊದಲು ಕುಂದುವುದು ಹೆಚ್ಚು ಆವರ್ತನದ, ಅಂದರೆ ಕೀಚಲು ಶಬ್ದ ಕೇಳುವ ಶಕ್ತಿ. ಸ, ಶ, ತ, ಕಗಳ ಸೂಕ್ಷ್ಮವೆಲ್ಲ ಅಲ್ಲೇ ಇರುವುದು. ಸೊಸೆ ಅಡುಗೆಮನೆಯಿಂದ "ಸಾರು ಬೇಕಾ?" ಎಂದರೆ ಅಜ್ಜಿಗೆ "ಆರು ಬೇಕಾ" ಅಷ್ಟೇ ತಲುಪುತ್ತದೆ, ಉಳಿದದ್ದನ್ನು ಅವರೇ ತುಂಬಿಕೊಂಡು "ನಂಗ್ಯಾರೂ ಬೇಡಮ್ಮ, ಒಬ್ಳೇ ಇರ್ತೀನಿ" ಎನ್ನುತ್ತಾರೆ. ಅಲ್ಲಿಂದ ಮುಂದಿನದು ಧಾರಾವಾಹಿ. ಕೂಗಿ ಹೇಳಿದರೆ ಸ್ವರ ದಪ್ಪವಾಗುತ್ತದೆಯೇ ಹೊರತು "ಸ" ಸ್ಪಷ್ಟವಾಗುವುದಿಲ್ಲ. ಬೈದಂತೆ ಕೇಳಿಸುವುದು ಬೇರೆ. ಮಿಕ್ಸಿ ನಿಲ್ಲಿಸಿ (ಮಾಮೂಲಿ ಮಾತು ಸುಮಾರು 60 ಡೆಸಿಬೆಲ್, ಮಿಕ್ಸಿ 80 ದಾಟುತ್ತದೆ), ಎರಡು ಮಾರು ಹತ್ತಿರ ಬಂದು, ಮುಖ ಕಾಣುವಂತೆ ನಿಂತು, ನಿಧಾನವಾಗಿ ಹೇಳಬೇಕು. ಎರಡನೇ ಸಲವೂ ತಪ್ಪಿದರೆ ಅದೇ ಪದವನ್ನು ಜಗ್ಗಬೇಡಿ, ವಾಕ್ಯ ಬದಲಿಸಿ: "ಅನ್ನಕ್ಕೆ ಇನ್ನೊಂದು ಸೌಟು ಹಾಕ್ಲಾ?"

ಅಮೆರಿಕದಲ್ಲಿರುವ ಮಗನ ಭಾನುವಾರದ ಕರೆಯಲ್ಲಿ ತೊಡಕು ದೂರದ್ದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ದನಿ ತಲುಪುವುದು 150 ಮಿಲಿಸೆಕೆಂಡಿನೊಳಗಿದ್ದರೆ ಮಾತು ಸಹಜವಾಗಿರುತ್ತದೆ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡ. ಅದು ಮೀರಿದರೆ ಇಬ್ಬರೂ ಒಟ್ಟಿಗೆ ಶುರು, ಒಟ್ಟಿಗೆ ಗಪ್‌ಚಿಪ್, ಆಮೇಲೆ "ಹೇಳು", "ಇಲ್ಲ ನೀವ್ ಹೇಳಿ", "ಇಲ್ಲಪ್ಪ ನೀನೇ ಹೇಳು". ಮಾತನ್ನು ಒಂದು ಪ್ರಶ್ನೆಯೊಂದಿಗೆ ಮುಗಿಸಿ ಮನಸ್ಸಿನಲ್ಲೇ ಒಂದು, ಎರಡು ಎಣಿಸಿದರೆ ಈ ಉಪಚಾರ ತಪ್ಪುತ್ತದೆ. ಸ್ಪೀಕರ್ ಹಾಕಿದ್ದರೆ ಹೂಂಗುಟ್ಟಲೂಬೇಡಿ: ಅನೇಕ ಫೋನುಗಳು ಪ್ರತಿಧ್ವನಿ ತಡೆಯಲು ಒಂದು ಕಡೆಯ ದನಿ ಎದ್ದಾಗ ಇನ್ನೊಂದು ಕಡೆಯದನ್ನು ತಗ್ಗಿಸುತ್ತವೆ, ಅಪ್ಪನ ಭಕ್ತಿಯ ಹೂಂ ಒಂದೊಂದೂ ಮಗನ ಒಂದೊಂದು ಪದ ನುಂಗುತ್ತದೆ. ವಿಡಿಯೋ ಇದ್ದರೆ ತಲೆಯಾಡಿಸಿ. ಕ್ಯಾಮರಾ ಹಣೆಯನ್ನಷ್ಟೇ ತೋರಿಸುತ್ತಿದ್ದರೆ ಅದೂ ವ್ಯರ್ಥ.

ಕಡೆಗೆ ಗೇಟು. ಮಾತು ಮುಗಿಸುವ ಹೇಳಿಕೆ "ಸರಿ ಹಾಗಾದ್ರೆ". ಅದಕ್ಕೆ ಆ ಕಡೆಯಿಂದಲೂ ಒಂದು "ಸರಿ ಮತ್ತೆ" ಬಂದರೆ ಬಾಗಿಲು ತೆರೆದಂತೆ. ಆ ಘಳಿಗೆಯಲ್ಲಿ ಬಾಯಿತಪ್ಪಿ "ಇನ್ನೇನ್ ಸಮಾಚಾರ?" ಎಂದಿರೋ, ಚಪ್ಪಲಿ ಹಾಕಿಕೊಂಡೇ ಇನ್ನರ್ಧ ಗಂಟೆ. ಆದರೆ ಅವರಾಗಿಯೇ ಗೇಟು ಹಿಡಿದು "ಅಂದಹಾಗೆ..." ಎಂದು ದನಿ ತಗ್ಗಿಸಿದರೆ ಅದರ ಬೆಲೆಯೇ ಬೇರೆ. ಎಷ್ಟೋ ಸಲ ರೋಗಿಗಳು ನಿಜವಾದ ಕಾಯಿಲೆ ಹೇಳುವುದು ಎದ್ದು ಬಾಗಿಲ ಹಿಡಿಗೆ ಕೈ ಹಾಕಿದ ಮೇಲೇ ಎಂಬುದು ವೈದ್ಯರಿಗೆ ಗೊತ್ತಿರುವ ಸಂಗತಿ. ಸಾಲದ ಮಾತು, ಮಗಳ ಸಂಸಾರದ ಮಾತು ಎಲ್ಲ ಒಳಗೆ ಕಾಫಿ ಕುಡಿಯುವಾಗ ಬರುವುದಿಲ್ಲ, ಇಲ್ಲಿ ಬರುತ್ತದೆ. ಸ್ಕೂಟರ್ ಆಫ್ ಮಾಡಿ. ಹೆಲ್ಮೆಟ್ ಕೂಡ ತೆಗೆಯಿರಿ, ಅದರೊಳಗಿನ ಹೂಂ ಹೊರಗೆ ಕೇಳಿಸುವುದಿಲ್ಲ.