ನಾಲ್ಕಂಗುಲದ ಎತ್ತರ

ನಮ್ಮ ಕಡೆಯಲ್ಲಿ ಹೈ ಹೀಲ್ಸ್‌ಗೆ ಮೂಳೆವೈದ್ಯರಿಗಿಂತ ಮೊದಲು ಅಡ್ಡಬರುವುದು ಮನೆಯ ಹೊಸ್ತಿಲು. ಗೃಹಪ್ರವೇಶಕ್ಕೆಂದು ಹೊರಟ ಹೆಣ್ಣುಮಗಳು ಚಪ್ಪಲಿಯನ್ನು ಮೊದಲು ಮೆಟ್ಟಿಕೊಂಡು, ಆ ಎತ್ತರಕ್ಕೆ ಸರಿಯಾಗಿ ಸೀರೆಯ ನೆರಿಗೆಯನ್ನು ಅಳೆದು ಉಟ್ಟು, ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ಗಂಭೀರವಾಗಿ ನಡೆಯುತ್ತಾಳೆ. ಅಷ್ಟರಲ್ಲಿ ಹೊಸ್ತಿಲು ಬರುತ್ತದೆ. ಗೋಡೆಗೆ ಒಂದು ಕೈ ಕೊಟ್ಟು, ಒಂಟಿಕಾಲಿನಲ್ಲಿ ನಿಂತು, ಕಿರುಬೆರಳಿನಷ್ಟು ಸಣ್ಣ ಬಕಲ್ಲನ್ನು ಬಿಚ್ಚಿ ಒಳಗೆ ಕಾಲಿಟ್ಟರೆ ಸೀರೆಯ ಅಂಚು ನಾಲ್ಕಂಗುಲ ನೆಲಕ್ಕೆ ಇಳಿದು, ಆ ಮನೆಯವರು ಬೆಳಗಿನಿಂದ ಕೂತು ಹಾಕಿದ ರಂಗೋಲಿಯನ್ನು ಗುಡಿಸಿಕೊಂಡು ಹೋಗುತ್ತದೆ. ಬಾಗಿಲಲ್ಲಿ ಅರಿಶಿನ ಕುಂಕುಮದ ಬಟ್ಟಲು ಹಿಡಿದು ನಿಂತ ದೊಡ್ಡಮ್ಮ, "ಏನೇ, ಕಾರಿನಿಂದ ಇಳಿದಾಗ ಎತ್ತರ ಇದ್ದೆಯಲ್ಲೇ!" ಎನ್ನದೆ ಬಿಡುವುದಿಲ್ಲ. ದೇವಸ್ಥಾನದ ಮುಂದೆಯೂ ಇದೇ ಪಾಡು. ಆದ್ದರಿಂದ ಈ ಪಾದರಕ್ಷೆ ನಮ್ಮಲ್ಲಿ ಕಚೇರಿ, ಹೋಟೆಲು ಮತ್ತು ಕಲ್ಯಾಣಮಂಟಪದ ವೇದಿಕೆಗಳನ್ನೇ ನೆಚ್ಚಿಕೊಂಡಿದೆ.

ಇದರ ಪೂರ್ವಚರಿತ್ರೆಯನ್ನು ಓದಿದಾಗ ನನಗೆ ನಗು ತಡೆಯಲಾಗಲಿಲ್ಲ. ಎತ್ತರದ ಹಿಮ್ಮಡಿಯನ್ನು ಮೊದಲು ಉಪಯೋಗಿಸಿದವರಲ್ಲಿ ಪರ್ಷಿಯದ ಕುದುರೆ ಸವಾರರು ಮುಖ್ಯರು. ಓಡುವ ಕುದುರೆಯ ಮೇಲೆ ಎದ್ದು ನಿಂತು ಬಾಣ ಬಿಡುವಾಗ ಪಾದವು ರಿಕಾಪಿನಿಂದ, ಅಂದರೆ ಜೀನಿಗೆ ತೂಗುಬಿಟ್ಟ ಕಾಲೂರುವ ಬಳೆಯಿಂದ, ಜಾರದಂತೆ ಹಿಮ್ಮಡಿಯ ಗುಬಟು ಕಚ್ಚಿಕೊಳ್ಳುತ್ತಿತ್ತು. ನಡೆಯುವುದಕ್ಕಾಗಿ ಹುಟ್ಟಿದ ವಸ್ತುವೇ ಅದಲ್ಲ. ಹದಿನೇಳನೆಯ ಶತಮಾನದಲ್ಲಿ ಯುರೋಪಿನ ಸಿರಿವಂತ ಗಂಡಸರು ಅದನ್ನು ತಮ್ಮದಾಗಿಸಿಕೊಂಡರು; ನಡೆದು ದುಡಿಯುವ ಅಗತ್ಯವಿಲ್ಲದವರೆಂದು ತೋರಿಸಿಕೊಳ್ಳಲು ನಡೆಯಲು ಬಾರದ ಪಾದರಕ್ಷೆಗಿಂತ ಒಳ್ಳೆಯ ಸಾಕ್ಷಿ ಬೇರೆ ಯಾವುದಿದ್ದೀತು? ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಪ್ರಸಿದ್ಧ ಭಾವಚಿತ್ರವೊಂದನ್ನು 1701ರಲ್ಲಿ ಇಯಾಸಾಂತ್ ರಿಗೋ ಎಂಬ ಕಲಾವಿದ ಬರೆದಿದ್ದಾನೆ. ಅರವತ್ತು ದಾಟಿದ ಆ ದೊರೆ ನೀಳವಾದ ಮೇಲಂಗಿಯನ್ನು ಪಕ್ಕಕ್ಕೆ ಸರಿಸಿ, ಬಿಳಿ ಕಾಲುಚೀಲದ ಮೀನಖಂಡಗಳನ್ನೂ ಕೆಂಪು ಹಿಮ್ಮಡಿಯ ಬೂಟುಗಳನ್ನೂ ನಾವೆಲ್ಲ ನೋಡಲೇಬೇಕೆಂಬಂತೆ ನಿಂತಿದ್ದಾನೆ. ಆಮೇಲೆ ಗಂಡಸರಿಗೆ ಬುದ್ಧಿ ಬಂತೋ ಬೇಸರ ಬಂತೋ, ಹದಿನೆಂಟನೆಯ ಶತಮಾನದಲ್ಲಿ ಅವರು ಅದನ್ನು ಕಳಚಿದರು. ಕುದುರೆ ಹೋಯಿತು, ದೊರೆಯೂ ಹೋದ; ಹಿಮ್ಮಡಿ ಮಾತ್ರ ಹೆಂಗಸರ ಕಾಲಿಗೆ ಅಂಟಿಕೊಂಡು ಉಳಿಯಿತು.

1950ರ ದಶಕದಲ್ಲಿ ಹಿಮ್ಮಡಿಯೊಳಗೆ ಉಕ್ಕಿನ ಸರಳು ಸೇರಿಸುವ ಉಪಾಯ ಬಂದ ಮೇಲೆ ನಾವು ಪೆನ್ಸಿಲ್ ಹೀಲ್ ಎನ್ನುವ ಸೂಜಿಮೊನೆಯ ಅವತಾರ ಸಾಧ್ಯವಾಯಿತು. ಕ್ಯಾಲಿಫೋರ್ನಿಯದ ಕಾರ್ಮೆಲ್ ಎಂಬ ಪುಟ್ಟ ಊರಿನಲ್ಲಿ ಮರದ ಬೇರುಗಳು ಕಾಲುದಾರಿಗಳನ್ನು ಎಬ್ಬಿಸಿ ಅಂಕುಡೊಂಕು ಮಾಡಿದ್ದವು. ಎಡವಿ ಬಿದ್ದವರು ಊರಿನ ಆಡಳಿತದ ಮೇಲೆ ದಾವೆ ಹೂಡಿಯಾರೆಂಬ ಅಂಜಿಕೆಯಿಂದ, ಎರಡು ಅಂಗುಲಕ್ಕಿಂತ ಎತ್ತರದ ಸಪೂರ ಹಿಮ್ಮಡಿ ಧರಿಸುವವರು ಪರವಾನಗಿ ಪಡೆಯಬೇಕೆಂದು 1963ರಲ್ಲಿ ಅಲ್ಲಿ ನಿಯಮವಾಯಿತು. ದಾರಿಯನ್ನು ಸರಿಪಡಿಸುವ ಬದಲು ಚಪ್ಪಲಿಗೆ ಪರವಾನಗಿ! ನಮ್ಮ ನಗರಪಾಲಿಕೆಗಳ ಕಿವಿಗೆ ಈ ಸುದ್ದಿ ಬೀಳದಿರಲಿ.

ಇನ್ನು ಪಾದದ ವಿಚಾರ. ಒಂದೊಂದು ಪಾದದಲ್ಲಿ 26 ಮೂಳೆಗಳಿವೆ. ಎರಡನ್ನೂ ಕೂಡಿಸಿದರೆ ದೇಹದ 206 ಮೂಳೆಗಳಲ್ಲಿ ಕಾಲು ಭಾಗ ನೆಲಕ್ಕೆ ಹತ್ತಿರದಲ್ಲೇ ಇದೆಯೆಂದಾಯಿತು. ಬರಿಗಾಲಿನಲ್ಲಿ ನಿಂತಾಗ ಮೈಭಾರದ ಹೆಚ್ಚಿನ ಪಾಲನ್ನು ಹೊರುವುದು ಹಿಮ್ಮಡಿಯ ದಪ್ಪ ಮೂಳೆ. ಅದು ಇರುವುದೇ ಆ ಕೆಲಸಕ್ಕೆ. ಹಿಮ್ಮಡಿಯನ್ನು ಮೇಲೆತ್ತಿದಷ್ಟೂ ಭಾರವು ಮುಂದಕ್ಕೆ ಜಾರಿ, ಬೆರಳುಗಳ ಬುಡದಲ್ಲಿರುವ ಸಣ್ಣ ಮೂಳೆಗಳ ಮೇಲೆ ಕೂರುತ್ತದೆ. ಸಾಲದ್ದಕ್ಕೆ ಇಂಥ ಚಪ್ಪಲಿಗಳ ಮುಂಭಾಗ ಸಾಮಾನ್ಯವಾಗಿ ಚೂಪು. ಐದು ಬೆರಳುಗಳು ಸಂಜೆಯ ಸಿಟಿ ಬಸ್ಸಿನ ಪ್ರಯಾಣಿಕರಂತೆ ಒತ್ತಿಕೊಂಡು ನಿಲ್ಲಬೇಕು. ಹೆಬ್ಬೆರಳು ವರ್ಷಾನುಗಟ್ಟಲೆ ಪಕ್ಕದ ಬೆರಳಿನ ಕಡೆಗೆ ವಾಲುತ್ತ ವಾಲುತ್ತ ಅದರ ಬುಡದ ಗಂಟು ಹೊರಗೆ ಉಬ್ಬಿಕೊಳ್ಳುತ್ತದೆ. ಈ ತೊಂದರೆ ಮನೆತನದಲ್ಲಿ ಇಳಿದು ಬರುವುದೂ ಉಂಟು, ಆದರೆ ಇಕ್ಕಟ್ಟಾದ ಚಪ್ಪಲಿ ಅದನ್ನು ಹೆಚ್ಚಿಸುತ್ತದೆ. ಆಣಿಯಂತೂ ಬಹಳ ಮಂದಿಗೆ ಪರಿಚಿತ.

ನನಗೆ ಇದಕ್ಕಿಂತ ಕುತೂಹಲದ್ದೆನಿಸಿದ್ದು ಮೀನಖಂಡದ ಕಥೆ. ವರ್ಷಗಟ್ಟಲೆ ಎತ್ತರದ ಹಿಮ್ಮಡಿ ಧರಿಸಿದ ಹೆಂಗಸರ ಕಾಲುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಅವರ ಮೀನಖಂಡದ ಸ್ನಾಯುವಿನ ಎಳೆಗಳು ಇತರರದಕ್ಕಿಂತ ಶೇಕಡಾ 12–13ರಷ್ಟು ಗಿಡ್ಡವಾಗಿದ್ದವು. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಗಡುಸಾಗಿತ್ತು. ಹೀಗಾಗಿ ಅಂಥವರು ಒಂದು ದಿನ ವಿವೇಕ ತಂದುಕೊಂಡು ಸಪಾಟು ಚಪ್ಪಲಿ ಹಾಕಿಕೊಂಡರೆ, ಗಿಡ್ಡವಾದ ಸ್ನಾಯು ಒಮ್ಮೆಲೇ ಹಿಗ್ಗಬೇಕಾಗಿ ಬಂದು ಆ ಒಳ್ಳೆಯ ಚಪ್ಪಲಿಯಲ್ಲೇ ಕಾಲು ನೋಯುತ್ತದೆ. ಆಗ ಅವರು, "ನೋಡಿ, ನನಗೆ ಹೀಲ್ಸೇ ಆರಾಮ" ಎಂದು ಮತ್ತೆ ಎತ್ತರಕ್ಕೆ ಏರುತ್ತಾರೆ. ಅದು ಬರಿಯ ಒಣಜಂಬದ ಮಾತೆಂದು ನಾವು ನಗುತ್ತೇವೆ. ಅವರ ಮೀನಖಂಡದ ಮಟ್ಟಿಗೆ ಅದು ನಿಜವೇ ಆಗಿರುತ್ತದೆ. ಇಳಿಯುವುದಾದರೆ ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ, ಅರ್ಧರ್ಧ ಅಂಗುಲವಾಗಿ ಇಳಿಯಬೇಕು. ಗೋಡೆಗೆ ಕೈಯೂರಿ ಮೀನಖಂಡವನ್ನು ದಿನವೂ ಎಳೆದು ಸಡಿಲಿಸಬೇಕು.

ಹಾಗೆಂದು ಸಪಾಟು ಚಪ್ಪಲಿಗಳೆಲ್ಲ ಸಾಧುಗಳೆಂದು ತಿಳಿಯಬಾರದು. ಸವೆದು ಹಪ್ಪಳವಾದ ಹವಾಯಿ ಚಪ್ಪಲಿಯಲ್ಲಿ, ಇಲ್ಲವೇ ಬರಿಗಾಲಿನಲ್ಲಿ, ಗ್ರಾನೈಟ್ ನೆಲದ ಅಡುಗೆಮನೆಯಲ್ಲಿ ದಿನವಿಡೀ ನಿಲ್ಲುವ ಗೃಹಿಣಿಯರು ಬೆಳಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆಯಿಡುವಾಗ ಹಿಮ್ಮಡಿಗೆ ಮುಳ್ಳು ಹೊಕ್ಕಂತೆ ಚೀರುವುದನ್ನು ನಾನು ಬಹಳ ಮನೆಗಳಲ್ಲಿ ಕೇಳಿದ್ದೇನೆ. ಹೀಲ್ಸ್ ಹಾಕಿದವಳ ನೋವನ್ನು ಶೋಕಿಯ ಫಲವೆಂದು ಜನ ಎಲ್ಲರೆದುರು ಆಡಿಕೊಳ್ಳುತ್ತಾರೆ. ಅಡುಗೆಮನೆಯವಳ ನೋವನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಆಕೆಗೆ ಕೊನೆಗೆ ವೈದ್ಯರು ಬರೆದುಕೊಡುವುದು ಮೆತ್ತನೆಯ ಎಂ.ಸಿ.ಆರ್. ಚಪ್ಪಲಿ. ಅಂದರೆ ಸೂಕ್ಷ್ಮ ಗಾಳಿಗುಳ್ಳೆಗಳಿರುವ ರಬ್ಬರಿನದು. ಸ್ಪರ್ಶ ಕಳೆದುಕೊಂಡ ಕುಷ್ಠರೋಗಿಗಳ ಪಾದಗಳಲ್ಲಿ ಹುಣ್ಣಾಗದಿರಲೆಂದು ತಮಿಳುನಾಡಿನ ವೆಲ್ಲೂರು ಮತ್ತು ಕರಿಗಿರಿಗಳಲ್ಲಿ ಡಾ. ಪಾಲ್ ಬ್ರ್ಯಾಂಡ್ ಮತ್ತು ಅವರ ಸಂಗಡಿಗರು ಪಾದರಕ್ಷೆಗಳ ಮೇಲೆ ಪಟ್ಟ ಪರಿಶ್ರಮದಲ್ಲಿ ಇದರ ಬೇರಿದೆ. ನೋವೇ ತಿಳಿಯದ ಪಾದ ಎಷ್ಟು ಬೇಗ ಹಾಳಾಗುತ್ತದೆಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಮಧುಮೇಹದಿಂದ ಪಾದ ಮರಗಟ್ಟಿದವರಿಗೂ ಇಂದು ಅದೇ ಚಪ್ಪಲಿ ಆಸರೆ.

ನಮ್ಮಲ್ಲೇ ತಯಾರಾಗುವ ಚಪ್ಪಲಿಯ ಹೆಸರು ಹೇಳದಿದ್ದರೆ ಅಥಣಿಯವರು ಕೋಪಿಸಿಕೊಂಡಾರು. ಕೊಲ್ಹಾಪುರಿ ಎಂದು ಹೆಸರಾದರೂ ಅದನ್ನು ಅಥಣಿ, ನಿಪ್ಪಾಣಿಗಳ ಕಡೆಯಲ್ಲೂ ತಲೆಮಾರುಗಳಿಂದ ಮಾಡುತ್ತಾರೆ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು (ಜಿ.ಐ. ಟ್ಯಾಗ್) ಮಹಾರಾಷ್ಟ್ರಕ್ಕೂ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸೇರಿದ್ದು. ಮೊದಲ ಕೆಲವು ದಿನ ಅದು ಗಟ್ಟಿ, ಕಚ್ಚುವುದೂ ಉಂಟು. ಮೆಟ್ಟುತ್ತ ಮೆಟ್ಟುತ್ತ ಆ ತೊಗಲು ಮೆಟ್ಟಿದವರ ಪಾದದ ಅಚ್ಚನ್ನೇ ತೆಗೆದುಕೊಳ್ಳುತ್ತದೆ. ಎತ್ತರದ ಹಿಮ್ಮಡಿಯೊಡನೆ ನನ್ನ ತಕರಾರು ಇಷ್ಟೇ: ಅಲ್ಲಿ ಬದಲಾಗುವ ಕೆಲಸವೆಲ್ಲ ಪಾದದ್ದೇ.

ತನ್ನ ಖುಷಿಗೆ ಒಂದು ಸಂಜೆ ನಾಲ್ಕಂಗುಲ ಎತ್ತರವಾಗಬೇಕೆನ್ನುವವಳನ್ನು ಬೇಡವೆನ್ನಲು ನಾವು ಯಾರು? ಆರತಕ್ಷತೆಯ ವೇದಿಕೆಯಲ್ಲಿ ಮೂರು ಗಂಟೆ ನಿಲ್ಲುವ ಮದುಮಗಳು, ಮದುಮಗನ ಭುಜಕ್ಕೆ ಬರಲೆಂದು ಫೋಟೋದವರ ಸಲಹೆಯಂತೆ ಹೀಲ್ಸ್ ಧರಿಸಿದಾಗ ಅದು ಯಾರ ಖುಷಿಯೆಂಬ ಅನುಮಾನ ಮೂಡುತ್ತದೆ. ಸಂಬಳದ ಕೆಲಸದಲ್ಲಂತೂ ಆ ಅನುಮಾನಕ್ಕೂ ಎಡೆಯಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತದಲ್ಲಿಯೂ ಫಿಲಿಪ್ಪೀನ್ಸಿನಲ್ಲಿಯೂ 2017ರಲ್ಲಿ, ಕೆಲಸದ ಜಾಗದಲ್ಲಿ ಹೆಂಗಸರಿಗೆ ಎತ್ತರದ ಹಿಮ್ಮಡಿಯನ್ನು ಕಡ್ಡಾಯಪಡಿಸದಂತೆ ಸರ್ಕಾರಗಳೇ ತಡೆಯಬೇಕಾಯಿತು. ಜಪಾನಿನಲ್ಲಿ 2019ರಲ್ಲಿ ಯುಮಿ ಇಶಿಕಾವ ಎಂಬ ನಟಿ ಇದೇ ಬೇಡಿಕೆಯಿಟ್ಟು ಸಹಿ ಸಂಗ್ರಹಿಸಿ ಸರ್ಕಾರಕ್ಕೆ ಸಲ್ಲಿಸಿದಾಗ, ಅಲ್ಲಿನ ಕಾರ್ಮಿಕ ಮಂತ್ರಿ ಸಮಾಜ ಒಪ್ಪಿದ ಮಿತಿಯಲ್ಲಿ ಅದು ಅಗತ್ಯವೆಂಬರ್ಥದ ಉತ್ತರ ಕೊಟ್ಟರು. ಆ ಮಂತ್ರಿ ಗಂಡಸೆಂದು ಬೇರೆ ಹೇಳಬೇಕೆ?

ಚಪ್ಪಲಿ ಕೊಳ್ಳುವವರು ಸಂಜೆಯ ಹೊತ್ತಿಗೆ ಹೋಗುವುದು ಒಳ್ಳೆಯದು. ದಿನದ ಓಡಾಟಕ್ಕೆ ಪಾದ ತುಸು ಊದಿರುತ್ತದೆ, ಬೆಳಗ್ಗೆ ಹಿಡಿಸಿದ್ದು ಸಂಜೆಗೆ ಹಿಡಿಸುವುದಿಲ್ಲ. ಎರಡು ಪಾದಗಳ ಅಳತೆ ಒಂದೇ ಇರುವುದಿಲ್ಲವಾದ್ದರಿಂದ ದೊಡ್ಡ ಪಾದಕ್ಕೆ ಒಪ್ಪುವುದನ್ನೇ ಆರಿಸಬೇಕು. ಎತ್ತರ ಬೇಕೇ ಬೇಕೆಂದರೆ ಪೆನ್ಸಿಲ್ ಬಿಟ್ಟು ಅಗಲ ಹಿಮ್ಮಡಿಯದನ್ನು, ಎರಡು ಅಂಗುಲದೊಳಗೆ ನೋಡಬೇಕು. ಇಷ್ಟೆಲ್ಲ ತಿಳಿದುಕೊಂಡು ಅಂಗಡಿಗೆ ಹೋದರೆ, ಗಾಜಿನ ಕಪಾಟಿನಲ್ಲಿ ದೀಪದ ಕೆಳಗೆ ಹೊಳೆಯುವುದೆಲ್ಲ ಕಾಲು ಮುರಿಯುವ ಸರಕು. ಆರಾಮದ ಚಪ್ಪಲಿ ಕೇಳಿದೊಡನೆ ಅಂಗಡಿಯ ಹುಡುಗ ನಮ್ಮ ತಲೆಗೂದಲ ಕಡೆ ಒಮ್ಮೆ ನೋಡಿ, ಒಳಗಿನಿಂದ ಎರಡು ಡಬ್ಬಿ ತರುತ್ತಾನೆ. ಒಂದರಲ್ಲಿ ಕಂದು, ಇನ್ನೊಂದರಲ್ಲಿ ಕಪ್ಪು. ಮೆತ್ತನೆಯ ಅಟ್ಟೆಗೆ ನವಿಲುಬಣ್ಣದ ಪಟ್ಟಿ ಹೊಲಿಯಲು ಯಾವ ವೈದ್ಯಶಾಸ್ತ್ರ ಅಡ್ಡಬಂದಿದೆಯೋ ಕಾಣೆ.