ಮಡಿಕೇರಿಯ ಹಳೇ ಕಾಂಕ್ರೀಟ್ ವಠಾರಗಳು: ಕೆಡವಬೇಕಾ, ಉಳಿಸಬೇಕಾ?

ಪರ: ಕೆಡವಿ

ನಮ್ಮ ಮಳೆಗೆ ಚಪ್ಪಟೆ ತಾರಸಿ ಹೊಂದುವುದೇ ಇಲ್ಲ. ಹಳಬರು ಇಳಿಜಾರು ಮಾಡು ಕಟ್ಟಿ, ಹಂಚು ಹೊದಿಸಿ, ನೀರನ್ನು ಸರಾಗ ಇಳಿಸಿಬಿಡುತ್ತಿದ್ದರು. ಆಮೇಲೆ ಬಂದವರು ಬಯಲುಸೀಮೆಯ ನಕ್ಷೆ ತಂದು ಮೂರ್ನಾಲ್ಕು ಅಂತಸ್ತು ಎಬ್ಬಿಸಿದರು. ಈಗ ತಾರಸಿ ಸೋರುತ್ತೆ ಅಂತ ಅದರ ಮೇಲೆ ತಗಡಿನ ಶೀಟು. ಶೀಟಿನಡಿ ವಾರವಾದರೂ ಒಣಗದ ಬಟ್ಟೆ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯಲ್ಲಿ, ಹೊರಗೋಡೆ ಪಾಚಿ ಕಟ್ಟಿ ಕಪ್ಪಾಗುತ್ತದೆ, ಒಳಗೆ ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು.

ಬಾಲ್ಕನಿಯ ಅಡಿ ನೋಡಿ. ಸಿಮೆಂಟು ಕಳಚಿ, ತುಕ್ಕು ಹಿಡಿದ ಕಂಬಿ ಹೊರಗೆ ಬಂದಿರುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಸೀಳುತ್ತದೆ. ಬಣ್ಣ ಬಳಿದು ಮುಚ್ಚುವ ಕಾಯಿಲೆಯಲ್ಲ ಇದು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದದ್ದನ್ನು ನೋಡಿದ ಮೇಲೂ ಇಂಥ ಭಾರವನ್ನು ಇಳಿಜಾರಿನ ಮೇಲೆ ಹೊತ್ತು ಕೂರಬೇಕಾ?

ಚಂದದ ಮಾತೂ ಇದೆ. 1820ರ ಓಂಕಾರೇಶ್ವರ ದೇವಸ್ಥಾನ, ಕೊಡಗಿನ ರಾಜರ ಸಮಾಧಿಯಾದ ಗದ್ದಿಗೆಯ ಗುಮ್ಮಟಗಳು ಇರುವ ಊರಿಗೆ ಈ ಡಬ್ಬಗಳು ಒಪ್ಪುವುದಿಲ್ಲ.

ವಿರೋಧ: ಬೇಡ

ಅಲ್ಲಿ ಯಾರಿದ್ದಾರೆ ಅಂತ ಮೊದಲು ನೋಡಿ. ಪಾಳಿ ಮುಗಿಸಿ ಬರುವ ನರ್ಸು, ವರ್ಗವಾಗಿ ಬಂದ ಮೇಷ್ಟ್ರು, ಬಸ್ ಕಂಡಕ್ಟರು, ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಲ್ಲುವ ಹುಡುಗಿಯರು. ತೋಟವಿಲ್ಲ, ಕುಟುಂಬದ ಮೂಲಮನೆಯಾದ ಐನ್‌ಮನೆಯಿಲ್ಲ, ಊರೊಳಗೆ ಅವರ ಕೈಗೆಟುಕುವ ಬಾಡಿಗೆ ಸಿಗುವುದು ಇಲ್ಲಿ ಮಾತ್ರ. ಮಡಿಕೇರಿ ದಿನಾ ನಡೆಯುವುದು ಇವರಿಂದಲೇ ಅಲ್ವಾ?

ಕೆಡವಿದ ಜಾಗಕ್ಕೆ ಇವರಿಗಾಗಿ ಇನ್ನೊಂದು ವಠಾರ ಏಳುವುದಿಲ್ಲ. ಲಾಡ್ಜ್ ಬರುತ್ತದೆ, ಇಲ್ಲವೇ ಹೋಂಸ್ಟೇ. ರಜೆಯ ಎರಡು ದಿನ ಪ್ರವಾಸಿಗರಿಗೆ ಕೋಣೆ ಕೊಟ್ಟು ಬರುವ ದುಡ್ಡಿನ ಮುಂದೆ ತಿಂಗಳ ಬಾಡಿಗೆ ಯಾವ ಲೆಕ್ಕ? ನರ್ಸು ಆಗ ಕುಶಾಲನಗರದಿಂದ ಬಸ್ಸಿನಲ್ಲಿ ಓಡಾಡಬೇಕು, ರಾತ್ರಿ ಪಾಳಿ ಇದ್ದರೂ. ಇದು ನನಗೆ ನಿಜಕ್ಕೂ ಹೊಟ್ಟೆ ಉರಿಸುವ ವಿಷಯ.

2018 ನನಗೂ ನೆನಪಿದೆ. ಆಮೇಲೆ ಅಧ್ಯಯನ ಮಾಡಿದ ಭೂವಿಜ್ಞಾನಿಗಳು ಬೊಟ್ಟು ಮಾಡಿದ್ದರಲ್ಲಿ ಮುಖ್ಯವಾದದ್ದು, ಮನೆಗೂ ರಸ್ತೆಗೂ ಅಂತ ಇಳಿಜಾರನ್ನು ನೇರಕ್ಕೆ ಕಡಿದದ್ದು. ಹಳೇದನ್ನು ಕೆಡವಿ ದೊಡ್ಡದು ಕಟ್ಟುವಾಗ ಪಾರ್ಕಿಂಗಿಗೆ ಮತ್ತೆ ಜೆಸಿಬಿ ಬರುತ್ತೆ, ಮತ್ತೆ ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿಯುತ್ತೆ.

ಕಂಬಿ ತುಕ್ಕು ಹಿಡಿದದ್ದು ಸುಳ್ಳಲ್ಲ. ಕಂಬವೇ ಬಿರುಕು ಬಿಟ್ಟಿದ್ದರೆ ಅದು ಇಳಿಯಲೇಬೇಕು, ಅಲ್ಲಿದ್ದವರಿಗೆ ಮೊದಲು ಬೇರೆ ಮನೆ ತೋರಿಸಿ. ಉಳಿದವಕ್ಕೆ ದುರಸ್ತಿ ಸಾಕು. ಸಡಿಲ ಕಾಂಕ್ರೀಟ್ ಕೆತ್ತಿ, ತುಕ್ಕು ಉಜ್ಜಿ, ಮತ್ತೆ ಗಾರೆ ಕೊಡುವುದು ಗೊತ್ತಿರುವ ಕೆಲಸವೇ. ತಗಡಿನ ಶೀಟನ್ನು ಹಂಗಿಸುವುದೂ ಬೇಡ, ನಮ್ಮ ಮಳೆಗೆ ಅದು ಸರಿಯಾದ ಉತ್ತರವೇ.

ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಒಬ್ಬ ಇಂಜಿನಿಯರ್ ಬಂದು ಕಟ್ಟಡದ ಹಿಂಬದಿಯ ತಡೆಗೋಡೆ ನೋಡಲಿ. ಅದರಲ್ಲಿ ನೀರು ಹೊರಬರಲು ಬಿಟ್ಟ ತೂತುಗಳು ಮಣ್ಣು, ಪ್ಲಾಸ್ಟಿಕ್ ತುಂಬಿ ಮುಚ್ಚಿಹೋಗಿರುತ್ತವೆ. ಹಿಂದೆ ನಿಂತ ನೀರಿನ ಒತ್ತಡಕ್ಕೆ ಗೋಡೆ ಮುಂದಕ್ಕೆ ವಾಲುತ್ತದೆ. ಆ ತೂತು ಬಿಡಿಸಲು ಒಂದು ಕಂಬಿ, ಒಬ್ಬ ಆಳು, ಅರ್ಧ ದಿನ ಸಾಕು. ಮಾಲೀಕರು ಅಷ್ಟನ್ನಾದರೂ ಈ ಮೇ ತಿಂಗಳೊಳಗೆ ಮಾಡಿಸಲಿ.